ನೀಲವ್ವತ್ತೆಯ ಕೈಗುಣವೂ ಇಪ್ಪತ್ತೈದು ಅಕ್ಷರದ ಕೋಡೂ

ಕೈಗುಣವನ್ನು ನಾನು ನಂಬುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಓದುತ್ತ ಹೋದಂತೆ ನಿಮಗೆ ಅನುಮಾನ ಬರಬಹುದು. ಇಂಥವರ ಕೈಯಿಂದ ಬಿತ್ತಿದರೆ ಪೀಕು ಚೆನ್ನಾಗಿ ಬರುತ್ತದೆ, ಇಂಥವರು ಹಿಂಡಿದರೆ ಎಮ್ಮೆ ಒದೆಯುವುದಿಲ್ಲ ಎಂಬ ಮಾತು ಕೇಳಿದಾಗ ಮೀಸೆಯಲ್ಲಿ ನಗುವವರ ಗುಂಪಿಗೆ ಸೇರಿದವನು ನಾನು. ಮೀಸೆಯಲ್ಲಿ ಮಾತ್ರ. ಮನೆಯಲ್ಲಿ ಬಾಯಿಬಿಟ್ಟು ನಗುವ ಸ್ವಾತಂತ್ರ್ಯ ನನಗಿಲ್ಲ. ನನ್ನ ಹೆಂಡತಿ ಕಸ್ತೂರಿಗೆ ಕೈಗುಣ ಎಂಬುದು ವಿದ್ಯುತ್ತಿನಷ್ಟೇ ಖಾತ್ರಿಯಾದ ವಸ್ತು. ನಮ್ಮೂರಿನ ವಿದ್ಯುತ್ತು ನೆನೆಸಿಕೊಂಡರೆ ಅದಕ್ಕಿಂತ ಖಾತ್ರಿಯಾದದ್ದು ಎಂದೇ ಹೇಳಬೇಕು.

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಅದನ್ನು ಶುರು ಮಾಡಿದ ದಿನ ದೀಪ ಹಚ್ಚಿದವಳು ನಮ್ಮಪ್ಪನ ತಂಗಿ, ಟಿಕೋಟಾದ ನೀಲವ್ವತ್ತೆ. ಮೊದಲ ಫೋಟೊ ಕೂಡ ಅವಳದೇ. ಫ್ಲ್ಯಾಶಿಗೆ ಹೆದರಿ ಕಣ್ಣು ಮುಚ್ಚಿಕೊಂಡಿದ್ದಾಳೆ, ಆದರೂ ಅದನ್ನು ಕಟ್ಟು ಹಾಕಿಸಿ ದುಡ್ಡಿನ ಗಲ್ಲೆಯ ಮೇಲೆ ತೂಗುಹಾಕಿದ್ದೇವೆ. ಕಣ್ಣು ಮುಚ್ಚಿದ ಫೋಟೊ ನೋಡಿಯೂ ಜನ ನನ್ನಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆಂದರೆ ಅದೇ ಅತ್ತೆಯ ಕೈಗುಣ ಎಂದು ಕಸ್ತೂರಿಯ ವಾದ. ಅಂದಿನಿಂದ ಹೊಸ ಕ್ಯಾಮೆರಾ ಬರಲಿ, ಪ್ರಿಂಟರ್ ಬರಲಿ, ಅತ್ತೆ ಟಿಕೋಟಾದಿಂದ ಬಸ್ಸಿನಲ್ಲಿ ಬಂದು ಮೊದಲ ಗುಂಡಿ ಒತ್ತಿ, ಮಿರ್ಚಿ ಭಜಿ ತಿಂದು ಹೋಗುವುದು ಪದ್ಧತಿ.

ಒಂದೇ ಸಲ ಈ ಪದ್ಧತಿ ತಪ್ಪಿಸಿದ್ದೆ. ಆಗಷ್ಟೇ ತಂದ ಕ್ಯಾಮೆರಾವನ್ನು ಅತ್ತೆಗೆ ಮುಟ್ಟಿಸದೆ ಬಬಲೇಶ್ವರದ ಒಂದು ಮದುವೆಗೆ ಒಯ್ದೆ. ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಮೆಮರಿ ಕಾರ್ಡ್ ಕೈಕೊಟ್ಟಿತು. ಊಟಕ್ಕೆ ಕೂತಿದ್ದ ಬೀಗರನ್ನೆಲ್ಲ ಎಬ್ಬಿಸಿ, ಎಂಜಲು ಕೈ ತೊಳೆಸಿ, ಮತ್ತೊಮ್ಮೆ ಅಕ್ಷತೆ ಹಾಕಿಸಿ ಫೋಟೊ ತೆಗೆದೆ. ಆ ಆಲ್ಬಮ್ಮಿನಲ್ಲಿ ಎಲ್ಲರೂ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಾರೆ. ಅಂದಿನಿಂದ ನಮ್ಮ ಮನೆಯಲ್ಲಿ ಯಾವ ಚರ್ಚೆಯನ್ನಾದರೂ ಮುಗಿಸಲು ಕಸ್ತೂರಿಗೆ ಒಂದು ಊರಿನ ಹೆಸರು ಸಾಕು. "ಬಬಲೇಶ್ವರ ಮರತ್ರೇನು?" ಎನ್ನುತ್ತಾಳೆ.

ಈ ಸಲದ ಕಥೆ ಶುರುವಾದದ್ದು ನನ್ನ ಹಳೆಯ ಕಂಪ್ಯೂಟರ್ ತೀರಿಕೊಂಡಾಗ. ಅದರೊಳಗಿದ್ದ ಆಲ್ಬಮ್ ಮಾಡುವ ಸಾಫ್ಟ್‌ವೇರ್ ಎಲ್ಲಿಂದ ಬಂದದ್ದು ಎಂದು ನಾನು ಯಾವತ್ತೂ ಕೇಳಿರಲಿಲ್ಲ, ಅದೂ ಹೇಳಿರಲಿಲ್ಲ. ಹೊಸ ಕಂಪ್ಯೂಟರಿಗೆ ಹೊಸದೇ ಬೇಕಾಯಿತು. ಈಗ ಸಾಫ್ಟ್‌ವೇರನ್ನು ಕೊಳ್ಳುವಂತಿಲ್ಲವಂತೆ, ವಾರಪತ್ರಿಕೆಗೆ ಆದ ಹಾಗೆ ಚಂದಾದಾರ ಆಗಬೇಕಂತೆ. ವರ್ಷದ ಚಂದಾ ಕಟ್ಟಿದ್ದಕ್ಕೆ ಇಷ್ಟು ದೊಡ್ಡ ಡಬ್ಬಿ ಬಂತು. ತೆರೆದು ನೋಡಿದರೆ ಒಳಗೆ ಒಂದು ಚೀಟಿ, ಚೀಟಿಯ ಮೇಲೆ ಇಪ್ಪತ್ತೈದು ಅಕ್ಷರದ ಕೋಡ್. ಇನ್ನೇನಾದರೂ ಇರಬಹುದೆಂದು ಡಬ್ಬಿಯನ್ನು ಬೋರಲು ಹಾಕಿ ಬಡಿದೆ. ಏನೂ ಬೀಳಲಿಲ್ಲ.

ಅವಸರ ಇತ್ತು. ಇಟ್ಟಂಗಿಹಾಳದ ಮಲ್ಲಪ್ಪನ ಮಗಳು ಭಾಗ್ಯಶ್ರೀಯ ಮದುವೆಯ ಆಲ್ಬಮ್ ಬಾಕಿ ಇತ್ತು. ಬೇಸಿಗೆಯಲ್ಲಿ ಮದುವೆ, ಗಂಡ ಸಾಂಗಲಿಯಲ್ಲಿ ಕಾರ್ಖಾನೆಯಲ್ಲಿದ್ದಾನೆ. ಹುಡುಗಿ ಮೊದಲ ನಾಗರ ಪಂಚಮಿಗೆ ತವರಿಗೆ ಬಂದಿದ್ದಳು. ಹಬ್ಬ ಮುಗಿದ ಮೂರನೆಯ ದಿನ ಗಂಡ ಕರೆದುಕೊಂಡು ಹೋಗುವವನು. "ಆಕಿ ಹೋಗೂದ್ರೊಳಗ ಕೊಡ್ರಿ ಸರ. ಅವ್ವ ಮಗಳು ಕೂಡಿ ಕುಂತು ಒಮ್ಮೆ ನೋಡ್ಲಿ. ನಮ್ಮಾಕಿ ಮದಿವಿ ದಿನಾ ಅಡಗಿ ಮನ್ಯಾಗ ಇದ್ಲು, ಏನೂ ನೋಡಿಲ್ರಿ," ಎಂದಿದ್ದ ಮಲ್ಲಪ್ಪ. ಹೆಣ್ಣು ಕೊಟ್ಟ ತಾಯಿ ತನ್ನ ಮಗಳ ಮದುವೆ ನೋಡಿಲ್ಲ ಎಂಬುದು ಸಣ್ಣ ಮಾತಲ್ಲ. ಕೊಡುತ್ತೇನೆಂದು ಎದೆ ತಟ್ಟಿ ಹೇಳಿದ್ದೆ.

ಕೋಡ್ ಹಾಕಲು ಕುಳಿತೆ. ಕಸ್ತೂರಿ ಚೀಟಿ ಕಸಿದುಕೊಂಡು ದೇವರ ಮುಂದೆ ಇಟ್ಟಳು. "ಅತ್ತಿ ಕೈಲೆ ಆಗ್ಲಿ."

"ಅತ್ತಿಗೆ ಮೊಣಕಾಲು ಬ್ಯಾನಿ. ಬಸ್ ಹತ್ತಾಕ ಬರಂಗಿಲ್ಲ."

"ಫೋನ್ ಐತೆಲ್ರಿ. ಅಲ್ಲಿಂದ್ಲೇ ಒತ್ತಲಿ. ಬಬಲೇಶ್ವರ..."

ಸರಿ, ಕೋಡಿನ ಫೋಟೊವನ್ನೂ ಅದನ್ನು ಹಾಕುವ ಜಾಗದ ಕೊಂಡಿಯನ್ನೂ ಅತ್ತೆಯ ಫೋನಿಗೆ ಕಳಿಸಿದೆ. ಪ್ರವಚನ ಕೇಳಲೆಂದು ಮಗ ಕೊಡಿಸಿದ ಒಳ್ಳೆಯ ಫೋನು ಅದು. ನನ್ನ ಲೆಕ್ಕಾಚಾರ ಬಹಳ ಸರಳವಾಗಿತ್ತು. ಅತ್ತೆ ಶಾಸ್ತ್ರಕ್ಕೆ ಮೊದಲ ಅಕ್ಷರ ಒತ್ತುವುದು, ಉಳಿದದ್ದನ್ನು ನಾನು ಇಲ್ಲಿ ಕಂಪ್ಯೂಟರಿನಲ್ಲಿ ಒತ್ತುವುದು. ಆದರೆ ಅತ್ತೆ ನಾಟಿ ಮಾಡುವಾಗ ಒಂದು ಬಳ್ಳಿ ನೆಟ್ಟು ಮನೆಗೆ ಹೋದವಳಲ್ಲ. ಸೊಸೆ ರೇಣುಕಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದೇ ಅಕ್ಷರ ಗುರುತು ಹಿಡಿದು, ಇಪ್ಪತ್ತೈದನ್ನೂ ಒತ್ತಿ ಮುಗಿಸಿದಳು. ಅರ್ಧ ತಾಸಿನ ಮೇಲೆ ಫೋನ್ ಬಂತು. "ಲೇ ಶಿವಾನಂದ, ಆತು ನೋಡಪ್ಪಾ. ಫೋನಿನ್ಯಾಗ ಹೂವು ಉದರಾಕತ್ತಾವು. ಶುಭ ಆತು!"

ಕೋಡ್ ಒಪ್ಪಿಗೆಯಾದ ಸಂತೋಷಕ್ಕೆ ಪರದೆಯ ಮೇಲೆ ಹೂವು ಉದುರಿದ್ದು ನಿಜ. ಇಲ್ಲಿ ನಾನು ಅದೇ ಕೋಡ್ ಹಾಕಿದರೆ ಕೆಂಪು ಅಕ್ಷರದಲ್ಲಿ ಬಂತು: ಈ ಕೋಡ್ ಈಗಾಗಲೇ ಬಳಕೆಯಾಗಿದೆ. ಒಂದು ವರ್ಷದ ಮಟ್ಟಿಗೆ ವೃತ್ತಿಪರ ಆಲ್ಬಮ್ ತಯಾರಿಕೆಯ ಎಲ್ಲ ಹಕ್ಕುಗಳೂ ಟಿಕೋಟಾದ ನೀಲವ್ವನ ಪಾಲಾಗಿದ್ದವು.

ಗ್ರಾಹಕ ಸಹಾಯ ಎಂಬ ಚೌಕವನ್ನು ಒತ್ತಿದೆ. ಟೀನಾ ಎಂಬಾಕೆ ತಕ್ಷಣ ಬಂದಳು. ನಮಸ್ಕಾರ ಹೇಳಿದಳು, ನಾನೂ ಹೇಳಿದೆ. ಕೋಡ್ ಇನ್ನೊಮ್ಮೆ ಹಾಕಿ ನೋಡಿ ಎಂದಳು. ಹಾಕಿದೆ. ಸಮಸ್ಯೆ ಬಗೆಹರಿಯಿತೇ ಎಂದಳು. ಇಲ್ಲ ಎಂದೆ. ಹಾಗಾದರೆ ಕೋಡ್ ಇನ್ನೊಮ್ಮೆ ಹಾಕಿ ನೋಡಿ ಎಂದಳು. ಎಷ್ಟು ತಾಳ್ಮೆಯ ಹೆಣ್ಣುಮಗಳು ಎಂದು ಆರನೆಯ ಸಲದವರೆಗೂ ಮೆಚ್ಚಿಕೊಂಡೆ. ಆಮೇಲೆ ತಿಳಿಯಿತು, ಟೀನಾ ಮನುಷ್ಯಳಲ್ಲ, ಯಂತ್ರ. ಅವಳ ಬೆರಳು ನೋಯಬಾರದೆಂದು ನಾನು ಚಿಕ್ಕ ಚಿಕ್ಕ ಉತ್ತರ ಕೊಡುತ್ತಿದ್ದೆ.

ಮನುಷ್ಯರು ಬೇಕೆಂದರೆ ಅರ್ಜಿ ತುಂಬಬೇಕಂತೆ. ಕೋಡ್ ಬೇರೆಯವರ ಖಾತೆಗೆ ಹೋಗಲು ಕಾರಣವೇನು ಎಂಬ ಪ್ರಶ್ನೆಗೆ ಕೊಟ್ಟಿದ್ದ ಆಯ್ಕೆಗಳು: ಕಳ್ಳತನ, ಉಡುಗೊರೆ, ಕಣ್ತಪ್ಪು, ಇತರೆ. ನಾನು ಬಹಳ ಹೊತ್ತು ಯೋಚಿಸಿದೆ. ಅತ್ತೆ ಕದ್ದಿಲ್ಲ, ನಾನು ಕೊಟ್ಟಿಲ್ಲ, ಇಬ್ಬರ ಕಣ್ಣೂ ತಪ್ಪಿಲ್ಲ. ಇತರೆ ಒತ್ತಿ, ನಮ್ಮ ಅತ್ತೆಯ ಕೈ ಬಹಳ ಒಳ್ಳೆಯದು, ಅದಕ್ಕೇ ಹೀಗಾಯಿತು ಎಂದು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಬರೆದೆ. ಮರುದಿನ ಉತ್ತರ ಬಂತು. ನಿಮ್ಮ ಅತ್ತೆಯವರ ಕೈ ನೋವಿನ ವಿಷಯ ತಿಳಿದು ವಿಷಾದವಾಯಿತು, ಅವರು ಬೇಗ ಚೇತರಿಸಿಕೊಳ್ಳಲಿ ಎಂದಿತ್ತು. ನೋವಿರುವುದು ಮೊಣಕಾಲಿಗೆ ಎಂದು ತಿದ್ದಿ ಬರೆಯಬೇಕೋ ಬೇಡವೋ ಎಂಬುದೇ ಅವತ್ತಿನ ಸಂಜೆಯವರೆಗೆ ನನ್ನ ಚಿಂತೆಯಾಯಿತು.

ಇತ್ತ ಮಲ್ಲಪ್ಪ ದಿನಾ ಬರುತ್ತಿದ್ದ. ಆಲ್ಬಮ್ ಕೇಳಲು ಬಂದೆ ಎನ್ನುತ್ತಿರಲಿಲ್ಲ, ಪ್ಯಾಟಿಗೆ ಬಂದಿದ್ದೆ ಎನ್ನುತ್ತಿದ್ದ. ಬರುವಾಗ ಒಂದು ಡಬ್ಬಿ ಪಂಚಮಿ ಉಂಡಿ. ಮೊದಲ ದಿನ ಶೇಂಗಾ ಉಂಡಿ, ಮರುದಿನ ಎಳ್ಳುಂಡಿ, ಅದರ ಮರುದಿನ ರವೆ ಉಂಡಿ. ಅವನು ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ. ಬಾಯಲ್ಲಿ ಉಂಡಿ ಇರುವಾಗ ಏನು ಅನ್ನುವುದು? ಹೊತ್ತು ಮೀರುತ್ತಿದೆ ಎಂದು ನಿಜಕ್ಕೂ ಭಯವಾಗತೊಡಗಿತು. ರಾಶಿ ಫೋಟೊ ಮುಂದಿದ್ದವು, ಜೋಡಿಸುವ ಸಾಧನ ಟಿಕೋಟಾದಲ್ಲಿತ್ತು.

ಫೋನ್ ಮಾಡಿದೆ. ಒಂದು ಒತ್ತಿ, ಎರಡು ಒತ್ತಿ ಎನ್ನುವುದನ್ನೆಲ್ಲ ದಾಟಿ, ಒಂದೇ ರಾಗದ ಪೀಪಿಯನ್ನು ಮುಕ್ಕಾಲು ತಾಸು ಕೇಳಿದ ಮೇಲೆ ಹಿಂದಿ ಮಾತಾಡುವ ಒಬ್ಬರು ಸಿಕ್ಕರು. ನನ್ನದು ಸ್ಟೇಷನ್ ರಸ್ತೆಯ ಹಿಂದಿ. ಅವರಿಗೆ ನಾನು ತಿಳಿಯಲಿಲ್ಲ, ನನಗೆ ಅವರು ತಿಳಿಯಲಿಲ್ಲ. ನೀಲವ್ವ ನಿಮ್ಮ ಸಂಸ್ಥೆಯಲ್ಲಿ ಯಾವ ಹುದ್ದೆಯಲ್ಲಿದ್ದಾರೆ ಎಂದು ಕೇಳಿದರು. ಅದೊಂದು ಮಾತ್ರ ಸ್ಪಷ್ಟವಾಗಿ ತಿಳಿಯಿತು. ಗಲ್ಲೆಯ ಮೇಲಿನ ಕಣ್ಣು ಮುಚ್ಚಿದ ಫೋಟೊ ನೋಡಿದೆ. ಸಂಸ್ಥಾಪಕರು ಎಂದುಬಿಟ್ಟೆ.

ಹಾಗೆಂದದ್ದೇ ಕೆಲಸ ಕೆಟ್ಟಿತು. ಸಂಸ್ಥಾಪಕರ ಖಾತೆಯನ್ನು ಅವರ ಲಿಖಿತ ಒಪ್ಪಿಗೆ ಇಲ್ಲದೆ ಬದಲಿಸುವಂತಿಲ್ಲ, ಒಪ್ಪಿಗೆಯ ಪತ್ರದೊಡನೆ ಅರ್ಜಿ ಹಾಕಿ ಹದಿನೈದು ಕೆಲಸದ ದಿನ ಕಾಯಿರಿ ಎಂದರು. ಭಾಗ್ಯಶ್ರೀ ಹೋಗಲು ಮೂರೇ ದಿನ ಉಳಿದಿತ್ತು.

ಕೊನೆಯ ಪ್ರಯತ್ನವೆಂದು ಮರುದಿನ ಮತ್ತೆ ಫೋನ್ ಮಾಡಿದಾಗ ಮೈಸೂರು ಕಡೆಯ ಕನ್ನಡದ ಹುಡುಗಿಯೊಬ್ಬಳು ಸಿಕ್ಕಳು. ಎಲ್ಲವನ್ನೂ ಹೇಳಿದೆ. ಎಮ್ಮೆಯಿಂದ ಶುರು ಮಾಡಿ ಬಬಲೇಶ್ವರದ ಮೂಲಕ ಉಂಡಿಯವರೆಗೆ ಹೇಳಿದೆ. ಅವಳು ಸಮಾಧಾನದಿಂದ ಕೇಳಿಸಿಕೊಂಡು, "ಸರ್, ಅವರ ಖಾತೆಯಿಂದಾನೇ ನಿಮ್ಮ ಕಂಪ್ಯೂಟರಲ್ಲಿ ಲಾಗಿನ್ ಆಗಿ. ಒಂದು ಖಾತೆ ಎರಡು ಕಡೆ ನಡೆಯುತ್ತೆ," ಎಂದಳು.

ನಾನು ಪರದೆಯ ಮೇಲಿನ ಕೆಂಪು ಅಕ್ಷರಗಳನ್ನು ಇನ್ನೊಮ್ಮೆ ಓದಿದೆ.

"ಸರ್, ಲೈನಲ್ಲಿದೀರಾ?"

"ಅದೀನ್ರಿ. ಇದನ್ನ ಮೊದಲ ಯಾರೂ ಯಾಕ ಹೇಳಲಿಲ್ರಿ?"

"ನೀವು ಖಾತೆ ಬದಲಾಯಿಸಿ ಅಂತ ಕೇಳಿದೀರಿ ಸರ್. ಕೆಲಸ ಹೇಗೆ ಶುರು ಮಾಡೋದು ಅಂತ ಕೇಳಿಲ್ಲ."

ಬೇರೆ ಊರಿನ ಯಂತ್ರವಾದ್ದರಿಂದ ಪ್ರತಿ ಸಲ ತೆರೆಯುವಾಗಲೂ ಅತ್ತೆಯ ಫೋನಿಗೆ ಆರಂಕಿಯ ಸಂಖ್ಯೆ ಹೋಗುತ್ತದೆ, ಅದನ್ನು ಕೇಳಿ ಇಲ್ಲಿ ಹಾಕಬೇಕು, ಅಷ್ಟೇ ಎಂದಳು. ಅಷ್ಟೇ ಎಂದವಳಿಗೆ ನಮ್ಮ ಅತ್ತೆ ಗೊತ್ತಿರಲಿಲ್ಲ.

"ಅತ್ತಿ, ಫೋನಿಗೆ ಒಂದ್ ನಂಬರ್ ಬಂದೈತಿ, ಹೇಳ ಬೇ."

"ಹೇಳಂಗಿಲ್ಲ," ಎಂದಳು ಅತ್ತೆ. "ಬ್ಯಾಂಕಿನಾಂವ ಹೇಳ್ಯಾನ, ನಂಬರ್ ಯಾರಿಗೂ ಹೇಳಬ್ಯಾಡ ಅಂತ. ನಾ ಮಗಗೂ ಹೇಳೂದಿಲ್ಲ."

"ಅತ್ತಿ, ನಾ ಬೇ, ಶಿವಾನಂದ!"

"ಹಾಂಗ ಅಂದ್ಕೊಂಡೇ ಫೋನ್ ಮಾಡ್ತಾರಂತ, ದನಿ ಸುದ್ದಾ ಹಾಂಗ ತಗೀತಾರಂತ. ನೀ ನಮ್ಮ ಶಿವಾನಂದನ ಆಗಿದ್ರ ಹೇಳು, ಸಾಲಿ ಸೂಟಿಗೆ ನಮ್ಮನಿಗೆ ಬಂದಾಗ ಮಸರಿನ ಗಡಗಿ ಒಡದಾಂವ ಯಾರು?"

ಆ ಗಡಿಗೆಯ ಪಾಪವನ್ನು ನಾನು ಬಾಲ್ಯದಿಂದ ಈ ಐವತ್ತರ ವಯಸ್ಸಿನವರೆಗೆ ಒಂದು ಬೆಕ್ಕಿನ ಮೇಲೆ ಹಾಕಿಕೊಂಡು ಬಂದಿದ್ದೆ. ಅಂಗಡಿಯಲ್ಲಿ ಮಲ್ಲಪ್ಪ ಕೂತಿದ್ದ, ಕಸ್ತೂರಿ ನಿಂತಿದ್ದಳು. "ನಾನ ಬೇ," ಎಂದೆ.

"ನನಗ ಅವತ್ತ ಗೊತ್ತಿತ್ತು," ಎಂದು ಅತ್ತೆ ನಕ್ಕಳು. "ಬರ್ಕೋ. ಏಳು, ಸೊನ್ನಿ..." ಅಷ್ಟರಲ್ಲಿ ಸಂಖ್ಯೆಯ ಅವಧಿ ಮುಗಿದಿತ್ತು. ಇನ್ನೊಂದು ತರಿಸಿಕೊಂಡೆವು. ಪರದೆ ತೆರೆದುಕೊಂಡು "ಸ್ವಾಗತ, ನೀಲವ್ವ" ಎಂದಿತು.

ಅವತ್ತು ಮತ್ತು ಮರುದಿನ ಬೆನ್ನು ಎತ್ತದೆ ಕೆಲಸ ಮಾಡಿದೆ. ಮೂರನೆಯ ದಿನ ಬೆಳಿಗ್ಗೆ ಆಲ್ಬಮ್ಮನ್ನು ನಾನೇ ಇಟ್ಟಂಗಿಹಾಳಕ್ಕೆ ಒಯ್ದೆ. ಅಳಿಯ ಬ್ಯಾಗನ್ನು ಗಾಡಿಗೆ ಕಟ್ಟುತ್ತಿದ್ದ. ತಾಯಿ ಸೆರಗಿಗೆ ಕೈ ಒರೆಸಿಕೊಂಡು, ಕಟ್ಟೆಯ ಮೇಲೆ ಮಗಳ ಪಕ್ಕ ಕೂತು, ಹಾಳೆ ತಿರುವಿದಳು. ಅಕ್ಷತೆಯ ಫೋಟೊ ಬಂದಾಗ "ಇಷ್ಟು ಚಂದ ಕಾಣ್ತಿದ್ದೇನ ನೀ?" ಎಂದಳು. ಭಾಗ್ಯಶ್ರೀ ತಾಯಿಯ ಭುಜಕ್ಕೆ ಮುಖ ಇಟ್ಟಳು. ಅಳಿಯ ಕಟ್ಟಿದ ಹಗ್ಗವನ್ನೇ ಬಿಚ್ಚಿ ಮತ್ತೆ ಕಟ್ಟುತ್ತ ನಿಂತ.

ಈಗ ನನ್ನ ದಿನಚರಿ ಬದಲಾಗಿದೆ. ಮೊದಲು ವರ್ಷಕ್ಕೆ ಎರಡು ಸಲ, ಹಬ್ಬಕ್ಕೆಂದು ಅತ್ತೆಗೆ ಫೋನ್ ಮಾಡುತ್ತಿದ್ದವನು ಈಗ ದಿನಾ ಬೆಳಿಗ್ಗೆ ಅಂಗಡಿ ತೆರೆದೊಡನೆ ಮಾಡುತ್ತೇನೆ. ಅತ್ತೆ ಪುಕ್ಕಟೆ ಸಂಖ್ಯೆ ಕೊಡುವುದಿಲ್ಲ. ನಾಷ್ಟಾ ಏನು, ಕಸ್ತೂರಿ ಹೇಗಿದ್ದಾಳೆ, ಬಿಜಾಪುರದಾಗ ಮಳಿ ಆತೇನು ಎಂದೆಲ್ಲ ಕೇಳಿ, ತಮ್ಮ ತೋಟದ ದ್ರಾಕ್ಷಿ ಪಡದ ಸುದ್ದಿ ಹೇಳಿ, ಆಮೇಲೆ ಕೊಡುತ್ತಾಳೆ. ನಾವು ಮಾತು ಮುಗಿಸುವಷ್ಟರಲ್ಲಿ ಎರಡು ಮೂರು ಸಂಖ್ಯೆಗಳ ಆಯುಷ್ಯ ತೀರಿರುತ್ತದೆ. "ನನ್ನ ಕೈ ಹತ್ತಲಾರದ ನಿನ್ನ ಅಂಗಡಿ ನಡ್ಯಾಂಗಿಲ್ಲೇನಲೇ?" ಎಂದು ಮೊನ್ನೆ ಕೇಳಿದಳು. ಕಂಪನಿ ನಿಯಮ ಬೇ ಎಂದೆ.

ಆಮೇಲೆ ಅತ್ತೆಯ ಸಹಿ ತರಿಸಿ ಕಳಿಸಿದ್ದ, ಹದಿನೈದು ಕೆಲಸದ ದಿನ ಎಂದಿದ್ದ ಆ ಅರ್ಜಿ ಎರಡು ತಿಂಗಳ ಹಿಂದೆಯೇ ಮಂಜೂರಾಗಿದೆ. ಖಾತೆಯನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳಲು ಈ ಗುಂಡಿ ಒತ್ತಿ ಎಂಬ ಪತ್ರ ನನ್ನ ಕಂಪ್ಯೂಟರಿನಲ್ಲಿ ಕೂತಿದೆ. ಒತ್ತಿದರೆ ಆಯಿತು, ಮತ್ತೆ ಯಾರಿಗೂ ಫೋನ್ ಮಾಡಬೇಕಿಲ್ಲ. ಇನ್ನೂ ಆಗಿಲ್ಲೇನ್ರಿ ಎಂದು ಕಸ್ತೂರಿ ಕೇಳಿದಾಗಲೆಲ್ಲ, ಕಂಪನಿಯವರು ಬಹಳ ತಡ ಮಾಡುತ್ತಿದ್ದಾರೆಂದು ಹೇಳುತ್ತೇನೆ. ಪಾಪ, ಕಂಪನಿಯವರು. ಬೆಕ್ಕಿನ ಜಾಗಕ್ಕೆ ಈಗ ಅವರು ಬಂದಿದ್ದಾರೆ.

ಕೈಗುಣವನ್ನು ನಾನು ನಂಬುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ, ಆ ಮಾತಿಗೆ ಈಗಲೂ ಬದ್ಧ. ಆ ಗುಂಡಿಯನ್ನು ಇವತ್ತಲ್ಲ ನಾಳೆ ಒತ್ತಲೇಬೇಕು. ಅತ್ತೆಯ ಮೊಣಕಾಲು ನೆಟ್ಟಗಾಗಲಿ ಎಂದು ಕಾಯುತ್ತಿದ್ದೇನೆ, ಅಷ್ಟೇ. ಬಂದು ಅವಳೇ ಒತ್ತಿ, ಮಿರ್ಚಿ ಭಜಿ ತಿಂದು ಹೋಗಲಿ.