ಸಿಂಹವನ್ನು ಏಡಿ ಮಾಡಿದ ಹೊಸ ಕಂಪ್ಯೂಟರು

ಈ ಸಂಗತಿಯನ್ನು ಹೇಳಿಬಿಡಬೇಕೆಂದು ಎಷ್ಟೋ ಸಲ ಮನಸ್ಸು ಮಾಡಿದ್ದೇನೆ. ಆದರೆ ಮನಸ್ಸು ಮಾಡಿದಾಗಲೆಲ್ಲ ಒಂದೋ ರಾಹುಕಾಲ ಇರುತ್ತಿತ್ತು, ಇಲ್ಲವೇ ಅಮಾವಾಸ್ಯೆ ಹತ್ತಿರ ಬಂದಿರುತ್ತಿತ್ತು. ಎರಡೂ ಇಲ್ಲದ ದಿನ ಮಂಗಳವಾರ ಇರುತ್ತಿತ್ತು. ಊರಿನವರಿಗೆಲ್ಲ ಮದುವೆಗೆ, ಗೃಹಪ್ರವೇಶಕ್ಕೆ ಮುಹೂರ್ತ ಹುಡುಕಿಕೊಟ್ಟ ನನಗೆ ತಪ್ಪು ಒಪ್ಪಿಕೊಳ್ಳಲು ಒಂದು ಒಳ್ಳೆಯ ಗಳಿಗೆ ಸಿಗಲಿಲ್ಲ. ಬಾವಿ ತೋಡಲು, ಕ್ಷೌರ ಮಾಡಿಸಿಕೊಳ್ಳಲು, ಹೊಸ ಬಟ್ಟೆ ತೊಡಲು ಕೂಡ ಪಂಚಾಂಗದಲ್ಲಿ ದಿನ ಕೊಟ್ಟಿದ್ದಾರೆ. ಕ್ಷಮೆ ಕೇಳಲು ಮಾತ್ರ ಕೊಟ್ಟಿಲ್ಲ. ಪಂಚಾಂಗ ಬರೆಯುವವರಿಗೂ ಆ ಪ್ರಸಂಗ ಬಂದಿರಲಿಕ್ಕಿಲ್ಲ. ಇಂದು ವಾರ, ತಿಥಿ ಯಾವುದನ್ನೂ ನೋಡದೆ ಕುಳಿತಿದ್ದೇನೆ.

ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ನನ್ನದೊಂದು ಪುಟ್ಟ ಅಂಗಡಿ ಇತ್ತು. ಮೊದಮೊದಲು ನೋಟುಬುಕ್ಕು, ಕ್ಯಾಲೆಂಡರು, ಪಂಚಾಂಗ ಮಾರುತ್ತಿದ್ದೆ. ತೊಂಬತ್ತರ ದಶಕದ ನಡುವೆ ಯಾರೋ ಬಳಸಿ ಬಿಟ್ಟ ಕಂಪ್ಯೂಟರನ್ನು ಕೊಂಡು, ಬಾಗಿಲ ಮೇಲೆ 'ಕಂಪ್ಯೂಟರ್ ಜಾತಕ' ಎಂದು ಬೋರ್ಡು ಬರೆಸಿದೆ. ನಾನು ಓದಿದ್ದು ಮೆಟ್ರಿಕ್‌ವರೆಗೆ. ನನಗೆ ಜ್ಯೋತಿಷ್ಯವೂ ಬರುತ್ತಿರಲಿಲ್ಲ, ಕಂಪ್ಯೂಟರೂ ಬರುತ್ತಿರಲಿಲ್ಲ. ಒಂದು ಬಂದವನು ಇನ್ನೊಂದಕ್ಕೆ ಅಂಜುತ್ತಾನೆ. ಎರಡೂ ಬಾರದವನಿಗೆ ಎರಡನ್ನೂ ಸೇರಿಸಿ ಅಂಗಡಿ ಹಾಕುವ ಧೈರ್ಯ ತಾನಾಗಿಯೇ ಬರುತ್ತದೆ. ಓಣಿಯ ಜನ ನನ್ನನ್ನು 'ಕಂಪ್ಯೂಟರ್ ಕಾಕಾ' ಎಂದು ಕರೆಯತೊಡಗಿದರು. ನಾನೂ ಕಣ್ಣು ಸರಿಯಿದ್ದರೂ ಒಂದು ಚಷ್ಮಾ ಹಾಕಿಕೊಂಡು ಕುಳಿತುಕೊಳ್ಳತೊಡಗಿದೆ.

ಆ ಹಳೆಯ ಕಂಪ್ಯೂಟರು ಬಹಳ ನಿಧಾನ. ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನ, ವೇಳೆ, ಊರು ಒತ್ತಿ ಬಿಟ್ಟರೆ, ಎದುರಿನ ಬಸಣ್ಣನ ಅಂಗಡಿಗೆ ಹೋಗಿ ಚಹಾ ಕುಡಿದು ಬರಬಹುದಿತ್ತು. ನಾನು ಅದನ್ನೊಂದು ದೋಷವೆಂದು ತಿಳಿದು ನಾಚುತ್ತಿದ್ದೆ. ಆದರೆ ಬಂದ ಗಿರಾಕಿಗಳು ಕೈ ಜೋಡಿಸಿ ಕುಳಿತಿರುತ್ತಿದ್ದರು. ಯಾರಾದರೂ ಗದ್ದಲ ಮಾಡಿದರೆ, "ಏ, ಸುಮ್ನಿರ್ರಿ, ವಿಚಾರ ಮಾಡಾಕತ್ತೈತಿ" ಎಂದು ಒಬ್ಬರನ್ನೊಬ್ಬರು ಗದರುತ್ತಿದ್ದರು. ಆಮೇಲೆ ಪ್ರಿಂಟರು ಕಿರ್ರೋ ಎಂದು ಚೀರುತ್ತ ಕಾಗದ ಹೊರಗೆ ತಳ್ಳಿದಾಗ, ಹೆರಿಗೆ ಆದಷ್ಟು ಸಮಾಧಾನ ಎಲ್ಲರ ಮುಖದ ಮೇಲೆ.

ನನ್ನ ಅಂಗಡಿಗೆ ಒಂದೇ ಹಲಗೆಯ ಗೋಡೆಯಾಚೆ ಬ್ಲೌಸು ಹೊಲಿಯುವ ಅಂಗಡಿ. ಅದನ್ನು ನಡೆಸುತ್ತಿದ್ದವರನ್ನು ಇಡೀ ಓಣಿ 'ಟೇಲರ್ ಅಕ್ಕಾ' ಎನ್ನುತ್ತಿತ್ತು, ನಾನೂ ಹಾಗೆಯೇ ಅನ್ನುತ್ತಿದ್ದೆ. ನಾನು ಮೊದಲು ಕಂಪ್ಯೂಟರ್ ತಂದಾಗ, ಅದರ ಮೇಲೆ ಧೂಳು ಕೂರುತ್ತದೆಂದು ನಾನು ಕೇಳದೆಯೇ ಅಳತೆ ತೆಗೆದುಕೊಂಡವರು ಅವರು. ಟೇಪು ಹಿಡಿದು ಸುತ್ತಲೂ ನೋಡಿ, "ಕಾಕಾರ, ಇದಕ್ಕ ತೋಳು ಬ್ಯಾಡೇನ್ರಿ?" ಎಂದಿದ್ದರು. ಉಳಿದ ಅಸ್ತರ್ ಬಟ್ಟೆಯಲ್ಲಿ, ಹಳದಿ ಹೂವಿನ, ಕೆಳಗೆ ನೆರಿಗೆಯ ಝಾಲರು ಇಟ್ಟ ಒಂದು ಗವಸು ಹೊಲಿದುಕೊಟ್ಟರು. ಅದನ್ನು ತೊಡಿಸಿದರೆ ಕಂಪ್ಯೂಟರು ಗೌರಿ ಹುಣ್ಣಿಮೆಗೆ ಸಿದ್ಧವಾದ ಹುಡುಗಿಯಂತೆ ಕಾಣುತ್ತಿತ್ತು.

ಹೀಗೆ ಸುಖವಾಗಿದ್ದವನ ತಲೆಯಲ್ಲಿ ಹೊಸ ಕಂಪ್ಯೂಟರಿನ ಹುಳ ಹೊಕ್ಕದ್ದು ಎರಡು ಸಾವಿರ ಇಸವಿ ಬರುವ ಮುಂಚೆ. ಕಂಪ್ಯೂಟರ್ ಮಾರುವವನೊಬ್ಬ ಬಂದು, ಹೊಸ ಮಾಡೆಲ್ ಬಂದಿದೆ, ಬಣ್ಣದ ಪ್ರಿಂಟರೂ ಜೊತೆಗೆ ಬರುತ್ತದೆ ಎಂದ. ನಾನು ಬೇಡವೆಂದಾಗ ದನಿ ತಗ್ಗಿಸಿ, "ಹೊಸಾ ಇಸವಿ ಹುಟ್ಟಿದ ಕೂಡಲೇ ಹಳೇ ಕಂಪ್ಯೂಟರ್ ಎಲ್ಲಾ ಬಂದ್ ಬೀಳ್ತಾವ್ರಿ, ಪೇಪರ್‌ನ್ಯಾಗ ಓದಿಲ್ಲೇನು?" ಎಂದು ಹೆದರಿಸಿದ. ಜನರಿಗೆ ಎಂಬತ್ತು ವರ್ಷದ ಭವಿಷ್ಯ ಬರೆದುಕೊಡುವ ನನ್ನ ಯಂತ್ರಕ್ಕೆ ತನ್ನದೇ ಡಿಸೆಂಬರ್ ಮೂವತ್ತೊಂದು ಗೊತ್ತಿರಲಿಲ್ಲವೆಂಬುದು ನನಗೆ ಅವಮಾನವೆನಿಸಿತು. ಅದೇ ವಾರ ಮುಂದಿನ ಓಣಿಯಲ್ಲಿ ಒಬ್ಬ 'ಹೊಸ ಮಾಡೆಲ್ ಕಂಪ್ಯೂಟರಿನ ಕಲರ್ ಜಾತಕ' ಎಂದು ಬೋರ್ಡು ಹಾಕಿದ. ಶನಿ ಕಪ್ಪು, ಮಂಗಳ ಕೆಂಪು, ಗುರು ಹಳದಿ. ನನ್ನ ಅಂಗಡಿಯಲ್ಲಿ ಒಂಬತ್ತೂ ಗ್ರಹಗಳು ಮಸಿಯ ಬಣ್ಣದವು.

ಯಾರ್ಯಾರನ್ನು ಕೇಳಿದೆ! ಹೆಂಡತಿಯನ್ನು ಕೇಳಿದರೆ, "ನನಗ ಗಂಟು ಬಿದ್ದದ್ದೂ ಹಳೇ ಮಾಡೆಲ್ಲಽ. ನಾ ಬದಲಿ ಮಾಡೇನೇನು?" ಎಂದಳು. ಬಸಣ್ಣ ಚಹಾ ಸೋಸುತ್ತ, "ಹಾಲು ಹಿಂಡೂ ಎಮ್ಮಿ ಮಾರಿ, ಕೋಡು ಛಂದ ಅದಾವಂತ ಹೋರಿ ತಂದಂಗಾಗತೈತಿ ನೋಡ್ರಿ ಕಾಕಾ" ಎಂದ. ಇಬ್ಬರೂ ನಾನು ಬಯಸಿದ ಉತ್ತರ ಕೊಡಲಿಲ್ಲವಾದ್ದರಿಂದ ನಾನು ಕಂಪ್ಯೂಟರನ್ನೇ ಕೇಳುವುದೆಂದು ನಿಶ್ಚಯಿಸಿದೆ. ಅದರದೇ ಜಾತಕ ತೆಗೆದೆ. ಪೂಜೆ ಮಾಡಿ ಮೊದಲ ಸಲ ಸ್ವಿಚ್ಚು ಹಾಕಿದ ಗಳಿಗೆಯೇ ಹುಟ್ಟಿದ ವೇಳೆ. ಗಂಡೋ ಹೆಣ್ಣೋ ಎಂದು ಕೇಳಿತು. ಕೆಲಸ ಕಡಿಮೆ, ಸಪ್ಪಳ ಹೆಚ್ಚು ಇದ್ದುದರಿಂದ ಗಂಡು ಎಂದು ಒತ್ತಿದೆ. ಬಹಳ ಹೊತ್ತು ವಿಚಾರ ಮಾಡಿ ಬರೆದುಕೊಟ್ಟಿತು: ವಿದ್ಯಾಯೋಗ ಉತ್ತಮ, ವಿದೇಶ ಪ್ರವಾಸ, ಸದ್ಯ ಶನಿಯ ಸಾಡೇಸಾತಿ ನಡೆದಿದೆ, ಆಪ್ತರಿಂದಲೇ ಮೋಸ. ಇಷ್ಟು ಸರಿಯಾದ ಭವಿಷ್ಯವನ್ನು ಅದು ಮುಂಚೆ ಎಂದೂ ಹೇಳಿರಲಿಲ್ಲ. ಮರುವಾರವೇ ಅದನ್ನು ಮಾರಿದೆ.

ಹೊಸದು ಬಂತು. ನಿಂಬೆಹಣ್ಣು, ತೆಂಗಿನಕಾಯಿ, ಊದಿನಕಡ್ಡಿ ಎಲ್ಲ ಆಯಿತು. ಟೇಲರ್ ಅಕ್ಕಾ ಬಂದು ಆರತಿ ಬೆಳಗಿ, ಟೇಪು ತೆಗೆದು ಹೊಸ ಅಳತೆ ಬರೆದುಕೊಂಡರು. "ಇದು ಸ್ವಲ್ಪ ದಪ್ಪ ಆಗೈತಲ್ರಿ ಕಾಕಾ, ಮದುವಿ ಆದ ಮ್ಯಾಲೆ ಆದಂಗ" ಎಂದರು. ಎಲ್ಲ ಸರಿ, ಒಂದೇ ತೊಂದರೆ. ಹೊಸ ಕಂಪ್ಯೂಟರು ಕಣ್ಣು ಮುಚ್ಚಿ ತೆರೆಯುವುದರೊಳಗೆ ಜಾತಕ ಮುಗಿಸುತ್ತಿತ್ತು. ಗಿರಾಕಿಗಳು ಕೈ ಜೋಡಿಸುವುದಕ್ಕೂ ಪುರಸತ್ತು ಇಲ್ಲ. ಮಾವನೂರು ಎಂಬ ಹಳ್ಳಿಯಿಂದ ಬಂದ ಒಬ್ಬ ಹಿರಿಯರು ಕಾಗದ ತಿರುಗಿಸಿ ನೋಡಿ, "ಇಷ್ಟ ಲಗೂನ? ಗ್ರಹಗಳ್ನ ನೋಡೇ ಇಲ್ಲ ಇದು" ಎಂದು ರೊಕ್ಕ ಕೊಡದೆ ಎದ್ದರು. ಅಂದಿನಿಂದ ನಾನು ಜಾತಕ ತಯಾರಾದ ಮೇಲೂ ಪರದೆಯನ್ನು ಗಂಭೀರವಾಗಿ ನೋಡುತ್ತ, ಆಗಾಗ ಹುಬ್ಬು ಗಂಟಿಕ್ಕುತ್ತ, ಸುಮ್ಮನೆ ಕುಳಿತಿರುವುದನ್ನು ಅಭ್ಯಾಸ ಮಾಡಿಕೊಂಡೆ. ಇಷ್ಟೊಂದು ರೊಕ್ಕ ಸುರಿದು ವೇಗ ಕೊಂಡು, ಅದನ್ನು ನಾನೇ ತಡೆದು ಹಿಡಿಯುವ ಕೆಲಸಕ್ಕೆ ನಿಂತೆ.

ಟೇಲರ್ ಅಕ್ಕಾರ ಮಗಳು ಶೈಲಾ. ಅವಳಿಗೆ ಗಬ್ಬೂರಿನ ಒಂದು ಮನೆತನದಲ್ಲಿ ಸಂಬಂಧ ಕೂಡಿತ್ತು. ಹುಡುಗ ಹುಡುಗಿ ಒಪ್ಪಿದ್ದರು, ಹಳೆಯ ಕಂಪ್ಯೂಟರಿನಲ್ಲಿ ನಾನೇ ಜಾತಕ ಕೂಡಿಸಿ ಕೊಟ್ಟಿದ್ದೆ. ಮಘಾ ನಕ್ಷತ್ರ, ಸಿಂಹ ರಾಶಿ, ಗುಣ ಭರ್ಜರಿ ಕೂಡಿದ್ದವು. ಸೀರೆ ಕೊಳ್ಳುವುದೊಂದೇ ಬಾಕಿ. ಒಂದು ಮಧ್ಯಾಹ್ನ ಬ್ಲೌಸಿನ ಅಳತೆ ಕೊಡಲು ಬಂದ ಹುಡುಗನ ತಾಯಿಯನ್ನು ಅಕ್ಕಾ ನನ್ನ ಅಂಗಡಿಗೆ ಕರೆತಂದರು. "ನಮ್ಮ ಕಾಕಾರು ಹೊಸಾ ಕಂಪ್ಯೂಟರ್ ತಂದಾರ, ನೋಡಬರ್ರಿ" ಎಂದು ತಮ್ಮದೇ ಆಸ್ತಿಯಂತೆ ತೋರಿಸಿದರು. ನಾನು ಉಬ್ಬಿಹೋದೆ. "ಬರ್ರಿ, ಕೂಡ್ರಿ. ನಿಮ್ಮ ಸೊಸಿ ಜಾತಕ ಕಲರ್‌ದಾಗ ತೆಗದು ಕೊಡ್ತೀನಿ, ಫುಕಟ್" ಎಂದೆ. ಯಾರೂ ಕೇಳಿರಲಿಲ್ಲ. ಬೇಡದ್ದನ್ನು ಪುಕ್ಕಟೆ ಕೊಡುವವನ ಕೈಯಿಂದ ದೇವರೇ ಕಾಪಾಡಬೇಕು.

ಬಣ್ಣದ ಕಾಗದ ಹೊರಗೆ ಬಂತು. ಆ ತಾಯಿ ಅದನ್ನು ದೂರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ಆಶ್ಲೇಷಾ?" ಎಂದರು.

ನಾನು ಇಣುಕಿ ನೋಡಿದೆ. ಆಶ್ಲೇಷಾ ನಕ್ಷತ್ರ, ಕರ್ಕ ರಾಶಿ, ಮೂಲೆಯಲ್ಲಿ ಒಂದು ಕೆಂಪು ಏಡಿಯ ಚಿತ್ರ ಬೇರೆ. ನಮ್ಮ ಶೈಲಾ ಸಿಂಹ ಹೋಗಿ ಏಡಿ ಆಗಿದ್ದಳು. ಆಶ್ಲೇಷಾ ನಕ್ಷತ್ರದ ಸೊಸೆ ಬಂದರೆ ಅತ್ತೆಗೆ ಉಳಿಗಾಲವಿಲ್ಲವೆಂದು ನಮ್ಮ ಕಡೆ ಹಸುಗೂಸಿಗೂ ಗೊತ್ತು. ಅತ್ತೆಯಾಗುವವರ ಮುಖ ಕಾಗದಕ್ಕಿಂತ ಬಿಳಿಯಾಯಿತು.

"ಮೊದಲ ಮಘಾ ಅಂದಿದ್ರೆಲ್ಲರಿ?"

ಅಂಗಡಿಯಲ್ಲಿ ಹೊರಗಿನ ಗಿರಾಕಿಗಳು ನಾಲ್ಕೈದು ಮಂದಿ ಇದ್ದರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೊಸದು ತಪ್ಪು ಎಂದರೆ ನಾಳೆಯಿಂದ ಯಾರು ಬರುತ್ತಾರೆ? ಹಳೆಯದು ತಪ್ಪು ಎಂದರೆ ಇಷ್ಟು ವರ್ಷ ನಾನು ಕೂಡಿಸಿದ ಮದುವೆಗಳ ಗತಿ ಏನು? ಅರ್ಧ ಹುಬ್ಬಳ್ಳಿ ಗಂಡ ಹೆಂಡಿರನ್ನು ಕರೆದುಕೊಂಡು ವಾಪಸು ಮಾಡಲು ಬಂದೀತು. ನನಗೆ ಗೊತ್ತಿಲ್ಲ ಎಂಬ ಮೂರನೆಯ ಉತ್ತರವೊಂದಿತ್ತು. ಅದು ಸತ್ಯ, ಅದಕ್ಕೆ ಖರ್ಚೂ ಇರಲಿಲ್ಲ. ಆದರೆ ಚಷ್ಮಾ ಹಾಕಿಕೊಂಡು ಕುಳಿತವನ ಬಾಯಿಗೆ ಅದು ಬರುವುದಿಲ್ಲ. ನಾನು ಗಂಟಲು ಸರಿಮಾಡಿಕೊಂಡು, "ಕಂಪ್ಯೂಟರ್ ತಪ್ಪೂದಿಲ್ರಿ. ಹಳೇದೂ ತಪ್ಪಿಲ್ಲ, ಹೊಸಾದೂ ತಪ್ಪಿಲ್ಲ. ಹುಟ್ಟಿದ ವ್ಯಾಳ್ಯಾನ ಅವರು ಸರಿ ಹೇಳಿರಾಕಿಲ್ಲ" ಎಂದೆ.

ಹಳೆಯದಕ್ಕೂ ಹೊಸದಕ್ಕೂ ನಾನು ಒತ್ತಿದ್ದು ಒಂದೇ ವೇಳೆ. ಆ ಮಾತಿಗೆ ಅರ್ಥವೇ ಇರಲಿಲ್ಲ. ಆದರೆ ಅಂಗಡಿಯಲ್ಲಿ ಅದನ್ನು ಹಿಡಿಯುವಷ್ಟು ಸಮಾಧಾನ ಯಾರಿಗೂ ಇರಲಿಲ್ಲ.

ಟೇಲರ್ ಅಕ್ಕಾ ನನ್ನ ಕಡೆ ತಿರುಗಿದರು. "ಹಂಗ್ಯಾಕಂತೀರಿ ಕಾಕಾರ? ಮಿಲ್ಲಿನ ಮುಂಜಾನಿ ಭೋಂಗಾ ಆಗೂದಕ್ಕೂ ಕೂಸು ಅಳೂದಕ್ಕೂ ಒಂದಽ ಆತು. ಚಾಳಿನ ಮಂದಿ ಎಲ್ಲಾ ಕೇಳ್ಯಾರ" ಎಂದರು. ಆಗೆಲ್ಲ ಊರಿಗೆ ಗಡಿಯಾರವೆಂದರೆ ಮಿಲ್ಲಿನ ಭೋಂಗಾವೇ. ಅದು ಕೂಗಿದಾಗ ಜನ ಏಳುತ್ತಿದ್ದರು, ಉಣ್ಣುತ್ತಿದ್ದರು.

ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ನಾನು ನಗುತ್ತ ಹೇಳಿದೆ: "ಭೋಂಗಾ ಹಿಂದ ಮುಂದ ಆಗಿರ್ತೈತಿ. ಮ್ಯಾಲೆ ಬ್ಯಾನಿ ತಿನ್ನೂ ಹೆಣ್ಮಕ್ಕಳಿಗೆ ಎಲ್ಲೀ ಲಕ್ಷ್ಯ?" ಗಿರಾಕಿಗಳಲ್ಲಿ ಇಬ್ಬರು ನಕ್ಕರು. ನನಗೆ ಆ ನಗೆ ಸಾಕಾಗಿತ್ತು.

"ಭೋಂಗಾ ತಪ್ಪಿರಬಹುದ್ರಿ. ಹಡದಾಕಿ ನಾನು ತಪ್ಪೂದಿಲ್ಲ" ಎಂದರು ಅಕ್ಕಾ. ದನಿ ಏರಿಸಲಿಲ್ಲ. ಗಬ್ಬೂರಿನವರು ಅಷ್ಟರಲ್ಲಿ ಚಪ್ಪಲಿ ಮೆಟ್ಟಿದ್ದರು. "ನಕ್ಷತ್ರ ಮುಚ್ಚಿಟ್ಟು ಹೆಣ್ಣು ಕೊಡೂ ಮಂದಿ" ಎಂದು ಅವರು ಬಸಣ್ಣನ ಅಂಗಡಿಯ ಮುಂದೆ ಅಂದದ್ದು ಸಂಜೆಯೊಳಗೆ ಓಣಿಯೆಲ್ಲ ತಿರುಗಿತು. ಸಂಬಂಧ ಮುರಿಯಿತು. ಎರಡು ಕಂಪ್ಯೂಟರುಗಳ ಮಾನ ಮಾತ್ರ ಉಳಿಯಿತು.

ಮರುದಿನ ಮುಂಜಾನೆ ಅಕ್ಕಾ ಬಂದು ಒಂದು ಗಂಟು ನನ್ನ ಮೇಜಿನ ಮೇಲಿಟ್ಟರು. ಹೊಸ ಕಂಪ್ಯೂಟರಿನ ಗವಸು. ಈ ಸಲವೂ ಝಾಲರು ಇಟ್ಟಿದ್ದರು. "ಅಳತಿ ತಗೊಂಡಿದ್ನೆಲ್ಲ" ಎಂದಷ್ಟೇ ಹೇಳಿ ಹೋದರು. ಒಂದು ಕಡೆ ಸಡಿಲಾಗಿದ್ದರೂ ನನಗೆ ಜಗಳ ಆಡಲು ಆಧಾರ ಸಿಗುತ್ತಿತ್ತು. ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಆಮೇಲೆ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತೆಂದು ಕಂಪ್ಯೂಟರ್ ಅಂಗಡಿಯವನೊಬ್ಬ ರಿಪೇರಿಗೆ ಬಂದ. ಕೆಲಸ ಮುಗಿಸಿ ಪರದೆ ನೋಡುತ್ತ, "ಪಂಚಾಂಗದ ಪದ್ಧತಿ ಬ್ಯಾರೆ ಐತೆಲ್ರಿ ಇದರಾಗ, ಹಿಂಗಽ ಇಟ್ಟೀರೇನು? ಎರಡು ನಕ್ಷತ್ರದ ಗಡಿಯಾಗ ಹುಟ್ಟಿದವರ ನಕ್ಷತ್ರ ಬದಲಿ ಆಕ್ಕಾವು" ಎಂದು, ಬೇಕಾದರೆ ಎಲ್ಲಿ ಒತ್ತಬೇಕೆಂದು ತೋರಿಸಿ ಹೋದ. ಬಾಗಿಲು ಅರ್ಧ ಮುಚ್ಚಿ ಶೈಲಾಳ ವೇಳೆ ಹಾಕಿ ಒತ್ತಿದೆ. ಮಘಾ. ಸಿಂಹ ಬಂದು ಪರದೆಯ ಮೇಲೆ ಕುಳಿತು ನನ್ನನ್ನು ನೋಡತೊಡಗಿತು. ಹಲಗೆಯಾಚೆ ಹೊಲಿಗೆ ಯಂತ್ರ ಟಕಟಕ ನಡೆದಿತ್ತು. ಒಂದು ಹಲಗೆ ದಾಟುವುದಿತ್ತು ಅಷ್ಟೇ. ಸಂಬಂಧ ಹೇಗೂ ಮುರಿದಿದೆ, ಈಗ ಹೇಳಿದರೆ ಅಂಗಡಿಯೂ ಮುರಿಯುತ್ತದೆ ಎಂದು ಲೆಕ್ಕ ಹಾಕಿ, ಗವಸು ಹೊದಿಸಿ ಊಟಕ್ಕೆ ಹೋದೆ.

ಮುಂದೆ ಶೈಲಾ ತಾನೇ ಮೆಚ್ಚಿದ ಹುಡುಗನನ್ನು ಜಾತಕ ತೋರಿಸದೆ ಮದುವೆಯಾದಳು. ಉಣಕಲ್ಲಿನಲ್ಲಿ ಮನೆ. ಅವಳ ಅತ್ತೆ ದಿನಾ ಕೆರೆಯ ದಂಡೆಯ ಮೇಲೆ ನನಗಿಂತ ಜೋರಾಗಿ ನಡೆಯುತ್ತಾರೆ. "ಕಾಕಾ, ನಿಮ್ಮ ಕಂಪ್ಯೂಟರ್ ಉಪಕಾರ ಮಾಡ್ತು. ಗಬ್ಬೂರಿಗೆ ಹೋಗಿದ್ರ ಅತ್ತೀ ಬದಲಿ ನಾನಽ ಹೋಗತಿದ್ದೆ" ಎಂದು ಅವಳು ನಗುತ್ತಾಳೆ. ಮಗಳು ಕೊಟ್ಟ ಮಾಫಿಯನ್ನು ತಾಯಿಯ ಹೆಸರಿಗೂ ಜಮಾ ಮಾಡಿಕೊಂಡು ನಾನು ಹಗುರಾಗಿದ್ದೆ. ಅವಳ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ನಮ್ಮನ್ನೂ ಕರೆದಿದ್ದರು. ಯಾರೋ, "ಕೂಸು ಎಷ್ಟು ಗಂಟೇಕ್ಕ ಹುಟ್ತಬೇ?" ಎಂದು ಅಜ್ಜಿಯನ್ನು ಕೇಳಿದರು. ಟೇಲರ್ ಅಕ್ಕಾ ತೊಟ್ಟಿಲು ತೂಗುತ್ತ, "ಅದನ್ನ ಕಾಕಾರ್ನ ಕೇಳ್ರಿ. ಹಡದವರಿಗೆ ಎಲ್ಲೀ ಲಕ್ಷ್ಯ?" ಎಂದರು. ಮನೆ ತುಂಬ ನಗೆ. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಅಂದು ರಾಹುಕಾಲವೂ ಇರಲಿಲ್ಲ, ಮಂಗಳವಾರವೂ ಅಲ್ಲ. ಒಳ್ಳೆಯ ದಿನವೆಂದು ತೊಟ್ಟಿಲಿಗೆ ಮುಹೂರ್ತ ತೆಗೆದುಕೊಟ್ಟವನು ನಾನೇ.

ಆ ಹೊಸ ಕಂಪ್ಯೂಟರು ಎಂದೋ ಗುಜರಿಗೆ ಹೋಯಿತು. ಗವಸು ಇನ್ನೂ ಗಟ್ಟಿಯಾಗಿದೆ. ನಮ್ಮ ಮನೆಯ ಮಿಕ್ಸರಿಗೆ ದೊಗಲೆಯಾದರೂ ಹೊದಿಸಿದ್ದೇವೆ. ಅಕ್ಕಾ ಈಗ ಉಣಕಲ್ಲಿನಲ್ಲಿ ಮಗಳ ಹತ್ತಿರ ಇದ್ದಾರೆ. ಬಸ್ಸು ಹತ್ತಿದರೆ ಅರ್ಧ ತಾಸಿನ ದಾರಿ. ಅಲ್ಲಿಗೆ ಹೋಗುವ ಬದಲು ಕುಳಿತು ಇದನ್ನು ಬರೆದೆ. ಓದಿ ನೀವು ಬಯ್ದರೂ ನನ್ನ ಮುಖಕ್ಕೆ ಬಯ್ಯುವುದಿಲ್ಲ. ಬರೆಯುವಾಗಲೂ ಇಷ್ಟುದ್ದ ಟೇಲರ್ ಅಕ್ಕಾ, ಟೇಲರ್ ಅಕ್ಕಾ ಎಂದು ಓಣಿಯ ಹೆಸರಿನ ಹಿಂದೆಯೇ ಅಡಗಿದ್ದೇನೆ. ಹೆಸರು ಗೊತ್ತಿಲ್ಲವೆಂದಲ್ಲ. ಶೈಲಾಳ ಜಾತಕಕ್ಕೆಂದು ಎರಡು ಯಂತ್ರಗಳಲ್ಲೂ ನಾನೇ ನನ್ನ ಬೆರಳಿನಿಂದ ಒತ್ತಿದ್ದೇನೆ. ನಕ್ಷತ್ರ ಬದಲಾಯಿತು, ರಾಶಿ ಬದಲಾಯಿತು. ಹಳೆಯದರಲ್ಲೂ ಹೊಸದರಲ್ಲೂ ಬದಲಾಗದೆ ಉಳಿದ ಸಾಲು ಒಂದಿತ್ತು. ತಾಯಿಯ ಹೆಸರು: ನೀಲವ್ವ.