ಗುಂಡುಕಲ್ಲಪ್ಪನವರ ಬಲಗೈ

ನಿವೃತ್ತ ನೌಕರರಿಗೆ ತಿಂಗಳು ತಿಂಗಳು ವೈದ್ಯಕೀಯ ಭತ್ಯೆ ಕೊಡುತ್ತಾರೆಂಬ ಸುದ್ದಿ ಕೇಳಿ ಗುಂಡುಕಲ್ಲಪ್ಪನವರಿಗೆ ಸಂತೋಷಕ್ಕಿಂತ ಮೊದಲು ಆತಂಕವಾಯಿತು. ಗುಮಾಸ್ತರಾಗಿದ್ದಷ್ಟು ಕಾಲ ಒಂದು ದಿನವೂ ಕಾಯಿಲೆಯ ರಜೆ ಹಾಕದೆ ಸಂಪಾದಿಸಿದ ಅಡ್ಡಹೆಸರು ಈ 'ಗುಂಡುಕಲ್ಲಪ್ಪ'. ಅಂಥವರಿಗೆ ಔಷಧಿಗೆಂದು ಯಾರು ದುಡ್ಡು ಕೊಡುತ್ತಾರೆ? ಆದರೆ ದುಡ್ಡು ಬೇಕೇ ಬೇಕಿತ್ತು. ಹೆಂಡತಿಯ ಕನ್ನಡಕದ ಒಂದು ಗಾಜು ಒಡೆದಿತ್ತು. ಆಕೆ ಒಂಟಿ ಕಣ್ಣಿನಲ್ಲಿ ಸೂಜಿಗೆ ದಾರ ಪೋಣಿಸಲು ಒದ್ದಾಡುವುದನ್ನು ನೋಡಿದರೆ ಅವರ ಕರುಳು ಚುರುಕ್ಕೆನ್ನುತ್ತಿತ್ತು.

"ಅಷ್ಟಕ್ಕೆ ಯಾಕೆ ತಲೆ ಕೆಡಿಸ್ಕೋತೀರಿ ಸಾರ್?" ಎನ್ನುತ್ತಾ ಪಕ್ಕದ ಮನೆಯ ಕಾಂಪೌಂಡರ್ ಬ್ಯಾಂಡೇಜ್ ಸುರುಳಿ ಹಿಡಿದೇ ಬಂದ. ಬಲಗೈಯನ್ನು ಬೆರಳ ತುದಿಯವರೆಗೂ ಸುತ್ತಿ ಕತ್ತಿಗೆ ನೇತುಹಾಕಿದ.

"ಕೈಯೊಂದೇ ಸಾಲಲ್ಲ ಅಣ್ಣಾ" ಎಂದು ಎದುರು ಮನೆಯ ಟೈಲರಮ್ಮ ಕುಂಟುವುದನ್ನೂ ಕಲಿಸಿದಳು.

"ಇದ್ದ ಹಾಗೇ ಹೋಗಿ ಕೇಳ್ಬಾರ್ದೇನ್ರೀ?" ಎಂದಳು ಹೆಂಡತಿ.

"ನಿಂಗೆ ಆಫೀಸು ಗೊತ್ತಿಲ್ಲ, ಸುಮ್ನಿರು!"

ಕಚೇರಿಯ ಮೆಟ್ಟಿಲಲ್ಲಿ ಅವರ ಅವಸ್ಥೆ ನೋಡಲಾರದೆ ಜವಾನ ಅವರನ್ನು ಹೆಗಲಿಗೆ ಒರಗಿಸಿಕೊಂಡು ಹತ್ತಿಸಿದ. ಮೇಲೆ ಬಂದವನೇ ಕೇಳಿದ, "ಕೆಳಗೆ ಎಡಗಾಲಲ್ವಾ ಸಾರ್ ನೋಯ್ತಿದ್ದಿದ್ದು?"

"ನೋವು ಒಂದು ಕಡೆ ನಿಲ್ಲಲ್ಲಪ್ಪ" ಎಂದು ನರಳಿದರು ಗುಂಡುಕಲ್ಲಪ್ಪ.

ಭತ್ಯೆ ವಿಭಾಗದ ಗುಮಾಸ್ತೆ ಎದ್ದು ಬಂದು ಕುರ್ಚಿ ಕೊಟ್ಟಳು. "ಅಯ್ಯೋ, ಈ ಸ್ಥಿತೀಲಿ ಯಾಕೆ ಬಂದ್ರಿ ಸಾರ್? ಇದಕ್ಕೆ ಕಾಯಿಲೆ ಏನೂ ಬೇಕಿಲ್ಲ. ಗಟ್ಟಿಮುಟ್ಟಾಗಿ ಇರೋರಿಗೂ ಕೊಡ್ತೀವಿ. ಇಲ್ಲೊಂದು ಸಹಿ ಹಾಕಿ, ಸಾಕು."

ಗುಂಡುಕಲ್ಲಪ್ಪನವರ ಮುಖ ಅರಳಿತು. ಮರುಕ್ಷಣವೇ ಬಾಡಿತು. ಪೆನ್ನು ಹಿಡಿಯಬೇಕಾದ ಕೈ ಕತ್ತಿನಿಂದ ಜೋತುಬಿದ್ದಿತ್ತು. ಬಿಚ್ಚೋಣವೆಂದರೆ ಜವಾನ ಇನ್ನೂ ಬೆವರು ಒರೆಸಿಕೊಳ್ಳುತ್ತಾ ಪಕ್ಕದಲ್ಲೇ ನಿಂತಿದ್ದ. ಎಡಗೈಯಲ್ಲಿ ಗೀಚಿದರು. ಕೋಳಿ ಕೆದಕಿದಂತಿತ್ತು.

"ಹಳೇ ಸಹಿಗೆ ಹೋಲ್ತಾ ಇಲ್ವಲ್ಲ ಸಾರ್."

"ಹೆಬ್ಬೆಟ್ಟು ಒತ್ಲೇನಮ್ಮಾ?"

"ಅದಕ್ಕೆ ಕೈ ಮುರಿದಿದೆ ಅಂತ ಡಾಕ್ಟ್ರು ಬರ್ಕೊಡ್ಬೇಕು. ನೀವೇನೂ ಯೋಚ್ನೆ ಮಾಡ್ಬೇಡಿ. ವಾಸಿಯಾದ್ಮೇಲೆ ಸಹಿ ಹಾಕಿ, ಹಿಂದಿನ ಬಾಕೀನೂ ಸೇರ್ಸಿ ಕೊಡಿಸ್ತೀನಿ. ನಿಮ್ಮ ಹಿಂದಿನ ಬೀದೀಲೇ ನಮ್ಮನೆ. ದಿನಾ ಬಂದು ನೋಡ್ಕೊಂಡು ಹೋಗ್ತೀನಿ."

ಹೇಳಿದ ಮಾತಿಗೆ ತಪ್ಪದ ಹುಡುಗಿ. ಸಂಜೆಯೇ ಹಣ್ಣು ಹಿಡಿದು ಬಂದು ಊಟ ಮುಗಿಯುವವರೆಗೂ ಎದುರಿಗೇ ಕೂತಳು. ವಿಧಿಯಿಲ್ಲದೆ ಹೆಂಡತಿಯೇ ಗಂಡನಿಗೆ ತಿನ್ನಿಸಬೇಕಾಯಿತು. ಒಂಟಿ ಕಣ್ಣಿನ ಅಂದಾಜಿನಲ್ಲಿ ಚಮಚ ಎರಡು ಸಲ ಮೂಗಿಗೆ ಹೋಯಿತು.

"ಬೇಗ ವಾಸಿ ಮಾಡ್ಕೊಳ್ರೀ" ಎಂದಳು ಆಕೆ, ನಗು ತಡೆಯಲಾರದೆ. "ಕನ್ನಡಕ ಬರೋವರ್ಗೂ ಬಾಯಿ ಸ್ವಲ್ಪ ಅಗಲ ತೆಗೀರಿ."