ಬಾಗಿಲಿಗೆ ಸಿಕ್ಕಿದ ಬೆರಳು

ದುಡಿದು ತಿನ್ನುವ ನನ್ನಂಥವರಿಗೊಂದು ಕಾಯಿಲೆಯಿದೆ. ಮೈಗೆ ಪೆಟ್ಟಾದರೂ ಪರವಾಗಿಲ್ಲ, ಕೆಲಸ ಬಾರದವನು ಎನಿಸಿಕೊಳ್ಳಬಾರದು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಹೆಮ್ಮೆಪಡಲು ಕೆಲಸವಲ್ಲದೆ ಇನ್ನೇನಿದೆ? ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಕಾಲಿನಿಂದ ತುಳಿಯುವ ಅಚ್ಚಿನ ಮಿಷನ್ ನಡೆಸಿದ್ದೇನೆ. ಬಸವನಗುಡಿಯ ಅರ್ಧ ಮದುವೆಗಳ ಕರೆಯೋಲೆ ನನ್ನ ಕಾಲಿನಿಂದಲೇ ಹೊರಟಿವೆ. ಆ ಮದುವೆಗಳು ಆಮೇಲೆ ಏನಾದವೋ, ಅದಕ್ಕೆ ನಾನು ಜವಾಬ್ದಾರನಲ್ಲ.

ಆಯುಧಪೂಜೆಯ ದಿನ ನಮ್ಮಲ್ಲಿ ಕೆಲಸವಿಲ್ಲ. ಆದರೆ ಮಂಗಳಾರತಿಯಾದ ಮೇಲೆ ಮಿಷನ್ನನ್ನು ನಾಲ್ಕು ಸಲ ತುಳಿದು, ಅರಿಶಿನ ಹಚ್ಚಿದ ಹಾಳೆಯ ಮೇಲೆ ‘ಶ್ರೀ’ ಎಂದು ಅಚ್ಚು ಹಾಕುವುದು ಪದ್ಧತಿ. ಆ ವರ್ಷ ನಾನು ತುಳಿಯುತ್ತಿದ್ದಂತೆ ಚೆಂಡುಹೂವಿನ ಹಾರ ಜಾರಿ ಮಿಷನ್ನಿನ ಬಾಯಿಗೆ ಬಿತ್ತು. ದೇವರ ಹೂವಿಗೆ ಮಸಿಯಾದೀತೆಂದು ಕೈ ಹಾಕಿದೆ. ಕಾಲು ನಿಲ್ಲಿಸಬೇಕೆಂಬುದು ಹೊಳೆಯಲಿಲ್ಲ. ಕೈಯೂ ನನ್ನದೇ, ಕಾಲೂ ನನ್ನದೇ. ಮಧ್ಯೆ ಬಲಗೈ ತೋರುಬೆರಳು ಹಪ್ಪಳವಾಯಿತು.

ಯಜಮಾನರು ತಮ್ಮ ಶಲ್ಯವನ್ನೇ ಬೆರಳಿಗೆ ಸುತ್ತಿ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ದಾರಿಯಲ್ಲಿ ಮೆಲ್ಲಗೆ, “ನಂಜುಂಡಪ್ಪ, ಪೂಜೆ ದಿನ ಮಿಷನ್ ರಕ್ತ ಕಂಡಿತು ಅಂತ ಎಲ್ಲೂ ಹೇಳ್ಬೇಡಪ್ಪ, ಅಪಶಕುನ. ಮನೇಲಿ ಬಾಗಿಲಿಗೆ ಸಿಕ್ತು ಅಂದ್ಬಿಡು,” ಎಂದರು. ಅವರಿಗೆ ಅಪಶಕುನಕ್ಕಿಂತ ವಿಚಾರಣೆಯ ಭಯವೇ ಹೆಚ್ಚೆಂದು ನನಗೆ ಗೊತ್ತಾಯಿತು. ಆದರೂ ಒಪ್ಪಿದೆ. ತನ್ನ ಕೈಯನ್ನು ತಾನೇ ತುಳಿದುಕೊಂಡವನು ಎನಿಸಿಕೊಳ್ಳುವುದಕ್ಕಿಂತ ಬಾಗಿಲೇ ಮರ್ಯಾದೆಯಾಗಿ ಕಂಡಿತು. ಆಸ್ಪತ್ರೆಗೆ ಹಿಂದೆಯೇ ಬಂದ ಪ್ರೆಸ್ಸಿನ ಗುಮಾಸ್ತರು “ಪೆಟ್ಟು ಹೇಗಾಯ್ತು ಅನ್ನೋ ಫಾರಂ ನಾನು ತುಂಬ್ಲಾ?” ಎಂದಾಗ, “ನಂಗೂ ಅಕ್ಷರ ಬರತ್ತೆ” ಎಂದು ಎಡಗೈಯಲ್ಲೇ ‘ಬಾಗಿಲು’ ಎಂದು ಗೀಚಿ ಸಹಿ ಹಾಕಿದೆ.

ಬೆರಳು ಅರ್ಧ ಹೋಯಿತು. ತೋರುಬೆರಳಿಲ್ಲದೆ ಮಿಷನ್ನಿಗೆ ಹಾಳೆ ಕೊಡಲಾಗದು. ಯಜಮಾನರು ದೊಡ್ಡ ಮನಸ್ಸು ಮಾಡಿ, ಅರ್ಧ ಸಂಬಳಕ್ಕೆ ಕರೆಯೋಲೆ ಮಡಿಚಲು ಕೂರಿಸಿದರು. ಕೆಲಸದಲ್ಲಿ ಬೆರಳು ಹೋದವನಿಗೆ ಸಾಯುವ ತನಕ ತಿಂಗಳಿಗಿಷ್ಟೆಂದು ಕಾರ್ಮಿಕರ ವಿಮೆ ಹಣ ಬರುತ್ತದೆಂದು ಆಮೇಲೆ ಯಾರೋ ಹೇಳಿದರು. ಅಷ್ಟು ಕೇಳಿದ್ದೇ ತಡ, ಹೆಂಡತಿ ನನ್ನನ್ನು ವಿಮಾ ಕಚೇರಿಗೆ ಎಳೆದುಕೊಂಡು ಹೋದಳು.

ಅಲ್ಲಿನ ಅಧಿಕಾರಿ ಒಳ್ಳೆಯವರು. ಡಾಕ್ಟರ ಚೀಟಿ ನೋಡಿ, “ಗಾಯದೊಳಗೆ ಅಚ್ಚಿನ ಮಸಿ ಇತ್ತು ಅಂತ ಬರ್ದಿದಾರಲ್ರೀ. ನಿಮ್ಮನೆ ಬಾಗಿಲಿಗೆ ಮಸಿ ಯಾರು ಬಳಿದ್ರು?” ಎಂದರು. ಹೆಂಡತಿ ನನ್ನ ಪಕ್ಕೆಗೆ ತಿವಿದು, “ಇದ್ದಿದ್ದು ಹೇಳ್ರೀ” ಎಂದಳು. ಅಧಿಕಾರಿ ಪೆನ್ನು ತೆಗೆದರು. “ಭಯಪಡಬೇಡಿ. ಚೀಟಿಲಿರೋ ತಾರೀಕು ಆಯುಧಪೂಜೆದು. ಪೂಜೆಗೇ ಮಿಷನ್ ತುಳಿದಿದ್ರೂ ಅದು ಪ್ರೆಸ್ಸಿನ ಕೆಲಸಾನೇ, ನಾನು ವಾದ ಮಾಡ್ತೀನಿ. ಎಷ್ಟು ವರ್ಷ ಸರ್ವಿಸು?” “ಇಪ್ಪತ್ತೆರಡು ಸಾರ್.” ಪಕ್ಕದ ಮೇಜಿನ ಬೊಕ್ಕತಲೆಯವರು ಫೈಲಿನಿಂದ ತಲೆಯೆತ್ತಿ ನಕ್ಕರು. “ಇಪ್ಪತ್ತೆರಡು ವರ್ಷ ಆದ್ಮೇಲೂ ಓಡೋ ಮಿಷನ್ನಿಗೆ ಕೈ ಕೊಟ್ರಾ ಗುರುಗಳೇ?”

“ಮಿಷನ್ನೂ ಇಲ್ಲ, ಏನೂ ಇಲ್ಲ ಸಾರ್. ಬಾಗಿಲೇ,” ಎಂದು ಎದ್ದುಬಿಟ್ಟೆ.

ಗಾಂಧಿ ಬಜಾರಿನವರೆಗೂ ಹೆಂಡತಿ ನನ್ನ ಹಿಂದೆ ಬಂದಳು. ಅಲ್ಲಿ ನಿಂತು, “ಆ ಬೊಕ್ಕತಲೆಯೋರ ಒಂದು ನಗೂಗೆ ನಾವು ಸಾಯೋವರೆಗೂ ಕಂತು ಕಟ್ಬೇಕು, ಅಷ್ಟೇ,” ಎಂದು ಮುಂದೆ ನಡೆದಳು. ಕೆಲಸ ಬಲ್ಲವನು ನಡೆಯಬೇಕಾದಂತೆಯೇ, ಕತ್ತೆತ್ತಿಕೊಂಡು ನಾನೂ ಹಿಂದೆ ನಡೆದೆ. ಬಲಗೈ ಮಾತ್ರ ಜೇಬಿನಲ್ಲಿಟ್ಟುಕೊಂಡಿದ್ದೆ.